ಮಂಡಕ್ಕಿ ಡ್ರಮ್ಮಿನ ಗಾದೆಪ್ಪ ತಿರುಗಿಸಿದ ಜೋಡಿ ನಕ್ಷತ್ರ

ಶನಿವಾರ ಬೆಳಿಗ್ಗೆ ಐದೂವರೆ. ಬಳ್ಳಾರಿಯ ಕೌಲ್ ಬಜಾರ್‌ನ ತಗಡಿನ ಅಂಗಡಿಯಲ್ಲಿ ಗಾದೆಪ್ಪ ಎರಡು ಗೋಳಗಳನ್ನು ತಕ್ಕಡಿಗೆ ಇಡುತ್ತಿದ್ದಾರೆ. ಒಂದು ಕುಂಬಳಕಾಯಿ ಗಾತ್ರದ್ದು, ಕೇಸರಿ ಬಣ್ಣ. ಇನ್ನೊಂದು ನಿಂಬೆಹಣ್ಣಿನಷ್ಟು; ಕಬ್ಬಿಣದ ಗುಂಡಿನ ಮೇಲೆ ನೀಲಿ ಬಲ್ಬು ಕೂರಿಸಿದ್ದು. ದೊಡ್ಡದಿರುವ ತಟ್ಟೆ ತುಸುವೇ ಕೆಳಗಿಳಿಯುತ್ತದೆ. ‘ಬರೋಬ್ಬರಿ ಆತು’ ಎನ್ನುತ್ತಾರೆ. ಒಂಬತ್ತಕ್ಕೆ ಶಾಲೆಗಳ ವಿಜ್ಞಾನ ಪ್ರದರ್ಶನ ಶುರುವಾಗುತ್ತದೆ.

ಗಾದೆಪ್ಪನವರಿಗೆ ಐವತ್ತೆಂಟು ವರ್ಷ. ಓದಿದ್ದು ನಾಲ್ಕನೇ ತರಗತಿ. ಊರಿನ ಮಂಡಕ್ಕಿ ಭಟ್ಟಿಗಳಿಗೆ ತಿರುಗುವ ಡ್ರಮ್ಮು, ಜರಡಿ ಮಾಡಿಕೊಡುವುದು ಕಸುಬು. ವಾರಕ್ಕೆ ಎರಡು ಡ್ರಮ್ಮು ಮುಗಿಯುತ್ತವೆ. ಬಿಸಿಲೇರಿದರೆ ತಗಡಿನ ಮಾಡಿನ ಕೆಳಗೆ ಕೂರಲಾಗದು, ಹಾಗಾಗಿ ನಸುಕಿಗೇ ಕೆಲಸ. ತಗಡು ಕೊಯ್ದ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಅವರ ಡ್ರಮ್ಮುಗಳು ಎಷ್ಟೋ ಭಟ್ಟಿಗಳಲ್ಲಿ ತಿರುಗುತ್ತಿವೆ. ಯಾವುದರ ಮೇಲೂ ಅವರ ಹೆಸರಿಲ್ಲ.

ತಿಂಗಳ ಹಿಂದೆ ಕುರುಗೋಡಿನ ವಿಜ್ಞಾನ ಶಿಕ್ಷಕಿ ಗಂಗೋತ್ರಿ ಒಂದು ಚಿತ್ರ ಹಿಡಿದು ಬಂದರು. ವಿಜಯಸಾರಥಿ ನಕ್ಷತ್ರಪುಂಜದ ಝೀಟಾ ಎಂಬ ಚುಕ್ಕಿಯ ಮಾದರಿ ಬೇಕಿತ್ತು. ಕಣ್ಣಿಗೆ ಒಂದೇ ಕಂಡರೂ ಅಲ್ಲಿ ಎರಡಿವೆ: ವಯಸ್ಸಾಗಿ ಹಿಗ್ಗಿದ ಕಿತ್ತಳೆ ಬಣ್ಣದ ದೈತ್ಯ, ಜೊತೆಗೆ ಚಿಕ್ಕ ನೀಲಿ ನಕ್ಷತ್ರ. ಸುಮಾರು ಎರಡು ವರ್ಷ ಎಂಟು ತಿಂಗಳಿಗೊಮ್ಮೆ ನೀಲಿಯದು ದೈತ್ಯನ ಹಿಂದೆ ಮರೆಯಾಗುತ್ತದೆ. ಕಳೆದ ವರ್ಷ ಇವರ ಶಾಲೆಯ ಮಾದರಿ ತೀರ್ಪುಗಾರರ ಎದುರೇ ತಿರುಗದೆ ನಿಂತಿತ್ತು. ಅದನ್ನು ಮಾಡಿದ್ದ ಹುಡುಗಿಯರು ಈಗ ಹತ್ತನೇ ತರಗತಿ. ಅವರಿಗೆ ಇದೇ ಕೊನೆಯ ಪ್ರದರ್ಶನ.

ಗಾದೆಪ್ಪ ಒಪ್ಪಿಕೊಂಡು, ದೈತ್ಯನನ್ನು ಭಟ್ಟಿಯ ದಪ್ಪ ತಗಡಿನಲ್ಲೇ ಬಡಿದರು. ‘ಡ್ರಮ್ಮು ದೊಡ್ಡದಾದಂಗ ತಗಡು ದಪ್ಪ ಹಾಕಬೇಕು, ಇಲ್ಲಂದ್ರ ಬೆಂಕಿಗೆ ಸೊಟ್ಟ ಆಕೈತಿ. ಕೈಗೆ ಅದ ರೂಢಿ ಆಗೈತ್ರಿ’ ಎನ್ನುತ್ತಾರೆ. ಈ ಮಂಗಳವಾರ ಗೋಳಗಳನ್ನು ಕೋಲಿನ ಎರಡು ತುದಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಕೋಲು ಒಂದೇ ಕಡೆ ವಾಲಿತು, ಅದನ್ನು ತಿರುಗಿಸಲು ಕೂರಿಸಿದ್ದ ಕೂಲರ್ ಮೋಟಾರು ಸುಟ್ಟುಹೋಯಿತು.

‘ದೊಡ್ಡದು ಬರೇ ಉಬ್ಬೈತಿ ಅಣ್ಣಾರ. ತೂಕದಾಗ ಎರಡಕ್ಕೂ ಭಾಳ ಫರಕ್ ಇಲ್ಲ. ನಾನ ಮೊದ್ಲು ಹೇಳಬೇಕಿತ್ತು’ ಎಂದರು ಗಂಗೋತ್ರಿ.

ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವ ಗಾದೆಪ್ಪನವರ ಹೆಂಡತಿ ಯಂಕಮ್ಮ ಅಲ್ಲೇ ಇದ್ದರು. ‘ಅಂದ್ರ ಮಂಡಕ್ಕಿ ಹಂಗ ಅನ್ರಿ ಟೀಚರಮ್ಮ! ಮೂವತ್ತು ವರ್ಷ ಮಂಡಕ್ಕಿ ಡ್ರಮ್ಮು ಬಡದಾನ ಈತ, ಮಂಡಕ್ಕಿ ಹಗುರ ಅನ್ನೋದು ಇವತ್ತು ತಿಳಿತು ನೋಡ್ರಿ!’

‘ಲೇ ಯಂಕಿ, ನಕ್ಕಿದ್ದು ಸಾಕು. ಆ ಜರಡಿ ಜಾಲರಿ ಇತ್ತ ಕೊಡು.’

ಜರಡಿಯ ತೆಳು ಜಾಲರಿಯನ್ನೇ ಉಂಡೆ ಕಟ್ಟಿ, ಮೇಲೆ ಎರಡು ಪದರ ಕೇಸರಿ ಬಟ್ಟೆ ಮುಚ್ಚಿದರು. ಬಟ್ಟೆ ಹೊಲಿದದ್ದು ಯಂಕಮ್ಮ. ಸುಟ್ಟ ಮೋಟಾರಿನ ಜಾಗಕ್ಕೆ ಇನ್ನೊಂದು ಬಂತು.

ಪ್ರದರ್ಶನದಲ್ಲಿ ಹತ್ತೂಕಾಲಿಗೆ ಕುರುಗೋಡಿನ ಸರದಿ. ವಿದ್ಯಾರ್ಥಿನಿ ಪಂಪಾವತಿ ಗುಂಡಿ ಒತ್ತುತ್ತಾಳೆ. ಕೋಲು ಒಮ್ಮೆ ನಡುಗುತ್ತದೆ, ಆಮೇಲೆ ತಿರುಗುತ್ತದೆ. ನೀಲಿ ಬೆಳಕು ಕೇಸರಿ ಗೋಳದ ಹಿಂದೆ ಸರಿದು ಇಲ್ಲವಾಗುತ್ತದೆ. ಮರುಗಳಿಗೆ ಇನ್ನೊಂದು ಅಂಚಿನಿಂದ ಹೊರಬರುತ್ತದೆ. ತೀರ್ಪುಗಾರರು ಮತ್ತೊಮ್ಮೆ ತಿರುಗಿಸಲು ಹೇಳುತ್ತಾರೆ.

‘ದೊಡ್ಡದು ಅಷ್ಟು ಭಾರ ಇಲ್ಲೇನಮ್ಮಾ?’

‘ಇಲ್ರೀ ಸಾರ್. ಮಂಡಕ್ಕಿ ಅದು’ ಎನ್ನುತ್ತಾಳೆ ಪಂಪಾವತಿ. ಸಭಾಂಗಣ ನಗುತ್ತದೆ, ಚಪ್ಪಾಳೆ ತಟ್ಟುತ್ತದೆ. ಮೊದಲ ಬಹುಮಾನ ಕುರುಗೋಡಿಗೆ.

ಹಿಂದಿನ ಗೋಡೆಗೆ ಒರಗಿ ನಿಂತ ಗಾದೆಪ್ಪ ಹೇಳುತ್ತಾರೆ: ‘ಇಷ್ಟು ವರ್ಷ ನನ್ನ ಡ್ರಮ್ಮು ತಿರಗ್ಯಾವ. ಒಬ್ರೂ ಚಪ್ಪಾಳಿ ಹೊಡದಿದ್ದಿಲ್ರಿ.’

ಸೋಮವಾರ ಮಾದರಿ ಅಲ್ಲಿನ ಮಕ್ಕಳಿಗೆ ತೋರಿಸಲೆಂದು ಸಿರುಗುಪ್ಪದ ಶಾಲೆಯೊಂದಕ್ಕೆ ಹೋಯಿತು. ಆ ದಿನದ ಮಟ್ಟಿಗೆ ಅಂಗಡಿ ಮುಚ್ಚಿ ಗಾದೆಪ್ಪನವರೂ ಜೊತೆಗೆ ಹೋದರು.