ಕಿವಿಯಿಂದ ಹೊಗೆ ಬಿಡುತ್ತಿದ್ದ ಬೀರಪ್ಪ

ಬೀರಪ್ಪ ಬೀಡಿ ಎಳೆದು, ಬಾಯಿ ಮುಚ್ಚಿ, ಮೂಗು ಹಿಡಿದು ಊದಿದನೆಂದರೆ ಹೊಗೆ ಅವನ ಬಲಗಿವಿಯಿಂದ ಬರುತ್ತಿತ್ತು. ಮೊದಲ ಸಲ ನೋಡಿದಾಗ ಕೂತಿದ್ದ ಕಟ್ಟೆಯಿಂದ ಎದ್ದೇಬಿಟ್ಟೆ. ಆಮೇಲೆ ನಕ್ಕೆ. ಬನಹಟ್ಟಿಯ ಶಾಲೆಯ ಗೆಳೆಯರು ಚಿಮ್ಮಡದ ನಮ್ಮ ಮನೆಗೆ ಬಂದಾಗಲೆಲ್ಲ ಅವನನ್ನು ಕರೆಸಿ ಅದೇ ಆಟ ಆಡಿಸುತ್ತಿದ್ದೆ. ನಾನು ವಿಜ್ಞಾನದ ಮಾಸ್ತರ. ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಕಿವಿಯ ಚಿತ್ರ ಬರೆದು, ಕಿವಿತಮಟೆಗೆ ಬಣ್ಣದ ಸೀಮೆಸುಣ್ಣ ಹಚ್ಚುವವನು. ಅಂಥ ನನಗೇ ಏನೂ ಹೊಳೆಯಲಿಲ್ಲ. ಆ ನಗೆಗೆ ಇಂದಿಗೂ ನಾಚಿಕೆಯಾಗುತ್ತದೆ.

ಬೀರಪ್ಪನದು ಕುರಿ ಕಾಯುವ ಮನೆತನ. ಆದರೆ ಹೆಸರು ಮಾಡಿದ್ದು ಬಾವಿಯಲ್ಲಿ. ಪಂಪಿನ ಪೈಪಿನ ಬುಡದ ಫುಟ್‌ವಾಲ್ವಿಗೆ ಕಸ ಸಿಕ್ಕು ನೀರು ಏರದೆ ನಿಂತರೆ, ಮುಳುಗಿ ಬಿಡಿಸಲು ಮುಧೋಳ, ಬೀಳಗಿ ಕಡೆಯಿಂದಲೂ ಅವನಿಗೆ ಕರೆ ಬರುತ್ತಿತ್ತು. ಸೊಂಟಕ್ಕೊಂದು ಹಗ್ಗ, ಎದೆಯ ತುಂಬ ಉಸಿರು, ಇಷ್ಟೇ ಅವನ ಸಾಮಾನು.

"ಎರಡಾಳುದ್ದ ಇಳದ್ರ ಕಿವಿ ಕೊರ್ಯಾಕ ಹತ್ತತೈತ್ರಿ ಮಾಸ್ತರ," ಎನ್ನುತ್ತಿದ್ದ. "ಅಂಜಬಾರದು. ಇನ್ನೊಂದೀಟ ಇಳದ್ರ ಟಪ್ ಅಂತೈತಿ, ನೋವೆಲ್ಲಾ ಮಾಯ. ಕಿವಿ ತೆರೀತು ಅಂದಂಗ. ಕಿವಿ ತೆರೀಲಾರದಾಂವ ಮುಳುಗು ಹಾಕಾಂವ ಆಗೂದಿಲ್ರಿ." ಅವನ ಅಪ್ಪನೂ ಹಾಗೆಯೇ ಹೇಳಿಕೊಟ್ಟಿದ್ದನಂತೆ.

ಹಗ್ಗದ ಇನ್ನೊಂದು ತುದಿ ಯಾವಾಗಲೂ ಹೆಂಡತಿ ಯಲ್ಲವ್ವನ ಕೈಯಲ್ಲಿ. ಅವನು ಮುಳುಗಿದ ಕೂಡಲೇ ದಂಡೆಯಲ್ಲಿ ಅವಳೂ ಉಸಿರು ಬಿಗಿಹಿಡಿಯುತ್ತಿದ್ದಳು. ಅದು ಮುಗಿದರೆ ಇನ್ನೊಮ್ಮೆ. ಅದೂ ಮುಗಿಯಿತೋ, ಅವನು ಹಗ್ಗ ಅಲುಗಿಸಿ ಸನ್ನೆ ಮಾಡಲಿ ಬಿಡಲಿ, ಮೇಲಕ್ಕೆ ಜಗ್ಗಿಬಿಡುವಳು. "ಇನ್ನಾ ಕೆಲಸಾ ಮುಗಿದಿರಲಿಲ್ಲಲೇ!" ಎಂದು ಅವನು ಮೇಲೆ ಬಂದು ಬೈದರೆ, "ನನ್ನ ಉಸುರು ಮುಗಿದಿತ್ತು," ಎನ್ನುವಳು.

ಒಂದು ಚಳಿಗಾಲ ನಮ್ಮದೇ ಬಾವಿಗೆ ಇಳಿದಿದ್ದ. ಯಲ್ಲವ್ವ ಜಗ್ಗಿದಳು. ಹಗ್ಗ ಮೇಲೆ ಬರುವ ಬದಲು ಕೆಳಗೇ ಎಳೆಯಿತು. ನಾನೂ ಕೈ ಹಚ್ಚಿದೆ. ಮೇಲೆ ಬಂದ ಬೀರಪ್ಪ ಕಟ್ಟೆಯ ಮೇಲೆ ಬಿದ್ದು ವಾಂತಿ ಮಾಡಿಕೊಂಡ. ಅವನ ಕಣ್ಣುಗುಡ್ಡೆಗಳು ಒಂದು ಕಡೆ ನಿಲ್ಲದೆ ಅತ್ತಿತ್ತ ಜಿಗಿಯುತ್ತಿದ್ದವು. ಎರಡೂ ಮುಷ್ಟಿಯ ತುಂಬ ತಳದ ರಾಡಿ.

"ನಾ ಮ್ಯಾಲ ಬರಾಕತ್ತಿದ್ನೆಲ್ರಿ," ಎಂದ. "ರಾಡಿ ಹೆಂಗ ಕೈಗೆ ಸಿಕ್ಕತು?"

ಮರುದಿನವೇ ಗಂಡ ಹೆಂಡತಿ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದೆ.

ಜಮಖಂಡಿಯ ವೈದ್ಯರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ಹೌಹಾರಿದರು. "ಕಿವಿ ತೆರದಿಲ್ಲೋ ಮಾರಾಯಾ, ತಮಟಿ ಹರದೈತಿ," ಎಂದರು. ನೀರಿನ ಒತ್ತಡಕ್ಕೆ ಒಡೆದ ತಮಟೆಯ ತೂತಿನಿಂದ ತಣ್ಣೀರು ಒಳಗೆ ಹೋದರೆ ತಲೆ ಗಿರ್ರೆಂದು ತಿರುಗಿ, ಮೇಲೆ ಯಾವುದು, ಕೆಳಗೆ ಯಾವುದು ತಿಳಿಯುವುದಿಲ್ಲವಂತೆ. ಇನ್ನು ಬಾವಿಗೆ ಇಳಿಯಲೇಬಾರದು ಎಂದರು.

ಬೀರಪ್ಪ ಹೂಂ ಎಂದ. ಆ ಹೂಂ ಮೇಲೆ ನನಗೆ ನಂಬಿಕೆ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಲ್ಲವ್ವನನ್ನು ಬದಿಗೆ ಕರೆದು, "ಇನ್ನ ಹಗ್ಗಾ ಹಿಡಿಯೂದಿಲ್ಲಂತ ಹಟಾ ಹಿಡಿಯವ್ವಾ. ನೀ ಇಲ್ಲಂದ್ರ ಅಂವ ಇಳಿಯೂದಿಲ್ಲ," ಎಂದೆ. ದೊಡ್ಡ ಉಪಾಯ ಹೇಳಿಕೊಟ್ಟೆನೆಂದು ದಾರಿಯುದ್ದಕ್ಕೂ ಒಳಗೊಳಗೇ ಹಿಗ್ಗಿದೆ.

ಮರುವರ್ಷ ರನ್ನ ಬೆಳಗಲಿ ಊರಿನ ಕಡೆಯ ಒಂದು ಬಾವಿಗೆ ಬೀರಪ್ಪ ಕಿವಿಗೆ ಎಣ್ಣೆಯಲ್ಲಿ ಅದ್ದಿದ ಅರಳೆ ತುರುಕಿಕೊಂಡು ಇಳಿದ. ಹಗ್ಗ ಹಿಡಿದವರು ಆ ತೋಟದವರು. ಅವನು ಸನ್ನೆ ಮಾಡಲೆಂದು ಕಾದರು. ಹಗ್ಗ ಕೆಳಗೆ ಸರಿಯುತ್ತಲೇ ಇತ್ತು, ಹಾಗಾಗಿ ಕೆಲಸ ನಡೆದಿದೆ ಅಂದುಕೊಂಡರಂತೆ.

ಸುದ್ದಿ ಕೇಳಿ ನಾನು ಓಡಿಹೋದಾಗ ಅವನನ್ನು ಮನೆಯ ಮುಂದೆ ಮಲಗಿಸಿದ್ದರು. ಯಲ್ಲವ್ವ ತಂಬಿಗೆ ನೀರು ಇಟ್ಟುಕೊಂಡು ಅವನ ಮುಷ್ಟಿ ಬಿಡಿಸಿ, ಬೆರಳ ಸಂದಿಯ ರಾಡಿ ತೊಳೆಯುತ್ತಿದ್ದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು. ಬೈಯುತ್ತಾಳೇನೋ ಎಂದು ನಿಂತೆ. ಬೈದಿದ್ದರೆ ಚೆನ್ನಾಗಿತ್ತು.

"ನೀವು ಹೇಳಿದಂಗ ಮಾಡಿದ್ನಿರಿ ಮಾಸ್ತರ," ಎಂದಳು. "ಹಗ್ಗಾ ಹಿಡೀಲಿಲ್ರಿ."