ನಾಲ್ಕು ಬೆರಳಿನ ಮಡಿಕೆ

ಹರಿಹರದ ಸ್ಟೇಷನ್ ರಸ್ತೆಯ ಆ ಟೈಲರ್ ಮಕ್ಕಳ ಬಟ್ಟೆ ಹೊಲಿದಾಗಲೆಲ್ಲ ಅಂಚಿನ ಒಳಗೆ ನಾಲ್ಕು ಬೆರಳಷ್ಟು ಬಟ್ಟೆ ಮಡಿಸಿ ಬಿಡುತ್ತಿದ್ದರು. ಕೊಡುವಾಗ ಹೆಬ್ಬೆರಳಿನಿಂದ ಆ ಮಡಿಕೆಯನ್ನು ಸವರಿ, "ಬೆಳೆಯೋ ಮಕ್ಳ್ರಿ, ಒಳಗೆ ಜಾಗ ಐತೆ" ಎನ್ನುತ್ತಿದ್ದರು.

ಹನ್ನೊಂದು ವರ್ಷದ ನನ್ನ ಮಗಳಿಗೆ ವಿದೇಶದ ಬೋರ್ಡಿಂಗ್ ಶಾಲೆ ಗೊತ್ತಾದಾಗ ಯೂನಿಫಾರ್ಮಿನ ಸ್ಕರ್ಟ್ ಹೊಲಿಸಲು ದಾವಣಗೆರೆಯಿಂದ ಅವಳನ್ನು ಕರೆದುಕೊಂಡು ಆ ಟೈಲರ್ ಬಳಿಗೇ ಹೋದೆ. ಶಾಲೆ ಆರಿಸುವಾಗ ನಾನು ಕೇಳದೆ ಬಿಟ್ಟ ಪ್ರಶ್ನೆಯಿರಲಿಲ್ಲ. ಆಸ್ಪತ್ರೆ ಎಷ್ಟು ದೂರ, ಕಿಟಕಿಗೆ ಸರಳು ಇದೆಯೇ, ಮೊಸರು ಸಿಗುತ್ತದೆಯೇ ಎಂಬ ನನ್ನ ಮೇಲ್‌ಗಳಿಗೆ ಶಾಲೆಯವರು ಕೊನೆಕೊನೆಗೆ ಒಂದೇ ಸಾಲಿನ ಉತ್ತರ ಕಳಿಸುತ್ತಿದ್ದರು.

ಟೈಲರ್ ಕೇಳಿದ್ದು ಒಂದೇ. "ಅಲ್ಲಿ ಈ ಮಡಿಕೆ ಬಿಚ್ಚಿಕೊಡೋರು ಯಾರ್ರಿ ಅಕ್ಕಾರೆ?"

ಅದು ನನ್ನ ಪಟ್ಟಿಯಲ್ಲಿ ಇರಲಿಲ್ಲ. "ಯಾರಾದ್ರೂ ಇರ್ತಾರೆ ಬಿಡ್ರಿ" ಎಂದೆ.

ಅವರು ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, "ಬಾ ಬೇಟಿ, ನೀನೇ ಕಲ್ತುಬಿಡು. ನಿಮ್ಮಮ್ಮಗೆ ಚಿಂತೆ ಮಾಡೋದೊಂದು ಬಿಟ್ರೆ ಏನೂ ಬರಲ್ಲ" ಎಂದು ಹೊಲಿಗೆ ಬಿಚ್ಚುವುದನ್ನೂ ಹಾಕುವುದನ್ನೂ ಹೇಳಿಕೊಟ್ಟರು.

ಎರಡನೇ ವರ್ಷದ ರಜೆಗೆ ಬಂದವಳ ಪೆಟ್ಟಿಗೆಯಲ್ಲಿ ಅದೇ ಸ್ಕರ್ಟ್ ಇತ್ತು. ಅಂಚಿನಲ್ಲಿ ಅವಳ ಕೈಯ ಸೊಟ್ಟ ಹೊಲಿಗೆ. ಟೈಲರಿಗೆ ತೋರಿಸೋಣವೆಂದು ಅದನ್ನು ಹಿಡಿದು ನಾನೊಬ್ಬಳೇ ಹರಿಹರಕ್ಕೆ ಹೋದರೆ ಅಂಗಡಿ ಮುಚ್ಚಿತ್ತು. "ಅವ್ರು ತೀರಿಕೊಂಡು ಮೂರು ತಿಂಗಳಾತ್ರಿ" ಎಂದರು ಪಕ್ಕದ ಹಣ್ಣಿನಂಗಡಿಯವರು.

ವಾಪಸು ಬರುವ ಬಸ್ಸಿನಲ್ಲಿ ಸ್ಕರ್ಟಿನ ಅಂಚನ್ನು ಹೆಬ್ಬೆರಳಿನಿಂದ ಸವರಿದೆ. ಒಳಗೆ ಜಾಗವೇ ಉಳಿದಿರಲಿಲ್ಲ. ಆ ನಾಲ್ಕು ಬೆರಳನ್ನೂ ಅವಳು ನಾನಿಲ್ಲದ ಕಡೆಯೇ ಬೆಳೆದು ಮುಗಿಸಿದ್ದಳು.