ತುದಿ ಬೆಳೆಸುವ ಕ್ಯಾಪ್ಸೂಲು

ಅರವತ್ತರ ಹತ್ತಿರ ಬಂದವನಿಗೆ ಯಾರಾದರೂ "ನಿಮಗಿನ್ನೂ ವಯಸ್ಸೇ ಆಗಿಲ್ಲ" ಎಂದರೆ ಸಾಕು, ಅವನು ಏನನ್ನಾದರೂ ಕೊಳ್ಳಲು ಸಿದ್ಧ. ನನ್ನ ಷಡ್ಡಕ ನಾಗರಾಜು ಇದನ್ನು ಬಲ್ಲವರು. ದೊಡ್ಡಬಳ್ಳಾಪುರದಲ್ಲಿ ಮಗ್ಗ ಇಟ್ಟುಕೊಂಡು ಸೀರೆ ನೇಯಿಸುತ್ತಿದ್ದ ಅವರು ಹೋದ ವರ್ಷ ಆಯುಸ್ಸನ್ನೂ ಮಾರತೊಡಗಿದರು.

ಹೊಸಕೋಟೆಯ ಕಲ್ಯಾಣಮಂಟಪವೊಂದರಲ್ಲಿ ಸಭೆ. ನನ್ನನ್ನೂ ಎಳೆದುಕೊಂಡು ಹೋದರು. ಕೋಟು ತೊಟ್ಟ ಭಾಷಣಕಾರ ಪರದೆಯ ಮೇಲೆ ಕ್ರೋಮೋಸೋಮಿನ ಚಿತ್ರ ತೋರಿಸಿದ. ಜೀವಕೋಶ ಒಡೆದು ಎರಡಾದಾಗಲೆಲ್ಲ ಈ ಕ್ರೋಮೋಸೋಮಿನ ತುದಿ ಸವೆಯುತ್ತದೆ, ಸವೆದಷ್ಟೂ ಮುಪ್ಪು, ನಮ್ಮ ಕ್ಯಾಪ್ಸೂಲು ನುಂಗಿದರೆ ತುದಿ ಬೆಳೆಯುತ್ತದೆ ಎಂದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಮೊದಲರ್ಧ ನಿಜವಿದ್ದರೆ ಉಳಿದರ್ಧವನ್ನು ಪುಕ್ಕಟೆ ನಂಬುವುದು ನಮ್ಮ ರೂಢಿ.

ಚಪ್ಪಾಳೆ ನಿಂತದ್ದು ಮರುವಾರ. ನಾಗರಾಜು ಅವರ ಹೆಂಡತಿ, ನನ್ನ ನಾದಿನಿ ಸರೋಜಳಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಆಗಿತ್ತು. ರೋಗ ಮರುಕಳಿಸದಿರಲೆಂದು ಅವಳು ದಿನವೂ ನುಂಗುತ್ತಿದ್ದ ಮಾತ್ರೆ ನಿಲ್ಲಿಸಿ ತಮ್ಮ ಕ್ಯಾಪ್ಸೂಲು ಕೊಡುವುದೆಂದು ಇವರು ನಿಶ್ಚಯಿಸಿಬಿಟ್ಟಿದ್ದರು. ಅವಳೇ ಫೋನ್ ಮಾಡಿದಳು: "ಭಾವ, ನಾನ್ ಹೇಳಿದ್ರೆ ಇವ್ರು ಕೇಳಲ್ಲ. ನೀವೇ ಡಾಕ್ಟ್ರ ಹತ್ರ ಕರ್ಕೊಂಡ್ ಬನ್ನಿ."

ಮೂವರೂ ಹೋದೆವು. ವೈದ್ಯೆ ಕ್ಯಾಪ್ಸೂಲಿನ ಸೀಸೆಯನ್ನು ತಿರುಗಿಸಿ ನೋಡಿ ಕೆಳಗಿಟ್ಟರು.

"ಸೆರಗಿಗೆ ಕುಚ್ಚು ಯಾಕೆ ಕಟ್ತಾರೆ?"

"ಎಳೆ ಬಿಚ್ಚದೇ ಇರ್ಲಿ ಅಂತ," ಎಂದರು ನಾಗರಾಜು.

"ಕ್ರೋಮೋಸೋಮಿನ ತುದಿ ಕೆಲ್ಸಾನೂ ಅದೇ. ಪೂರ್ತಿ ಸವೆದ್ರೆ ಒಂದಕ್ಕೊಂದು ಅಂಟ್ಕೊಂಡು, ಕೋಶ ಒಡೆಯುವಾಗ ಎಲ್ಲೆಂದ್ರಲ್ಲಿ ಹರಿದುಹೋಗುತ್ತೆ. ಅಂಥಾ ಕೋಶಗಳು ಹೆಚ್ಚಾಗಿ ಸತ್ತೋಗ್ತವೆ. ಎಲ್ಲೋ ಒಂದು ಮಾತ್ರ ತುದೀನ ಮತ್ತೆ ಬೆಳೆಸ್ಕೊಳ್ಳೋದು ಕಲ್ತು ಸಾಯೋದನ್ನೇ ಬಿಟ್ಬಿಡುತ್ತೆ. ಕ್ಯಾನ್ಸರ್ ಹುಟ್ಟೋ ಒಂದು ದಾರಿ ಅದು."

"ಅಂದ್ರೆ ತುದಿ ಬೆಳೆದ್ರೆ ರೋಗಕ್ಕೇ ಅನುಕೂಲಾನಾ?" ಎಂದರು ನಾಗರಾಜು.

"ನಿಮ್ಮ ಕ್ಯಾಪ್ಸೂಲು ಏನ್ ಮಾಡುತ್ತೋ ನಂಗೊತ್ತಿಲ್ಲ. ಈ ಮಾತ್ರೆ ಬಿಟ್ರೆ ಏನಾಗಬಹುದು ಅಂತ ಗೊತ್ತು."

ಸರೋಜ, "ಹೋಗೋ ಕಾಲಕ್ಕೆ ಹೋಗದೇ ಕೂತಿರೋದೇ ರೋಗ ಅನ್ನಿ. ನಮ್ಮನೆಯವ್ರು ನೇಕಾರರ ಸಂಘದ ಅಧ್ಯಕ್ಷಗಿರಿ ಹಿಡ್ಕೊಂಡ್ ಕೂತಿದಾರಲ್ಲ, ಹಂಗೆ" ಎಂದಳು.

ವೈದ್ಯೆ ನಕ್ಕರು. ನಾಗರಾಜು ಕೂಡ ನಗಲು ಹೋದರು, ಆಗಲಿಲ್ಲ. "ಹೆದ್ರಿಕೆ ಆಗಿ ಹಂಗೆ ಮಾಡ್ದೆ ಕಣೆ" ಎಂದು ಕಣ್ಣೊರೆಸಿಕೊಂಡರು. ಸಾವಿರ ಜನರಿಗೆ ಸಾವಿಲ್ಲದ ಬದುಕು ಮಾರಲು ಹೊರಟವರಿಗೆ ಒಬ್ಬಳ ಸಾವಿನ ಯೋಚನೆ ತಡೆದುಕೊಳ್ಳಲಾಗಿರಲಿಲ್ಲ.

ಸರೋಜ ಮಾತ್ರೆ ಬಿಡಲಿಲ್ಲ. ಮುಂದಿನ ತಪಾಸಣೆಯಲ್ಲಿ ಎಲ್ಲ ಸರಿಯಿತ್ತು. ನಾಗರಾಜು ಈಗ ಕೂದಲೆಣ್ಣೆ ಮಾರುತ್ತಿದ್ದಾರೆ. ತುದಿ ಬಿಟ್ಟು ಬುಡ ಹಿಡಿದಿದ್ದಾರೆ. ನಾನೂ ಒಂದು ಸೀಸೆ ತರಿಸಿದ್ದೇನೆ. ಕೂದಲು ಬರುತ್ತದೆಂದು ನಂಬಿ ಅಲ್ಲ. ಬರದಿದ್ದರೂ ಅದರಿಂದ ಯಾರೂ ಸಾಯುವುದಿಲ್ಲವೆಂಬ ಧೈರ್ಯದಿಂದ.